ಕಾಮಗಾರಿಗೆ ಬಿಮ್ ಅಳವಡಿಸುವ ಯೋಜನೆ: ಯಾವ ಕರಾರಿಗೆ ಯಾವ ದಾರಿ

ಹೊಸ ಕಾಮಗಾರಿಯೊಂದನ್ನು ಬಿಮ್ ಪದ್ಧತಿಯಲ್ಲಿ, ಅಂದರೆ ಕಟ್ಟಡದ ಪ್ರತಿಯೊಂದು ಭಾಗದ ಅಳತೆ ಮತ್ತು ವಿವರಗಳನ್ನು ಒಳಗೊಂಡ ಮೂರು ಆಯಾಮದ ಡಿಜಿಟಲ್ ಮಾದರಿಯ ಮೂಲಕ ನಡೆಸಬೇಕೆಂದು ಮಾಲೀಕರು ನಿರ್ಧರಿಸಿದ ಮೇಲೆ ನಡೆಯುವ ಮೊದಲ ಸಭೆಯಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಸಾಫ್ಟ್‌ವೇರ್. ರೆವಿಟ್ ಸಾಕೇ, ಟೆಕ್ಲಾ ಬೇಕೇ, ಎಷ್ಟು ಲೈಸೆನ್ಸ್ ಕೊಳ್ಳಬೇಕು, ಕ್ಲೌಡ್ ಖಾತೆ ಯಾರ ಹೆಸರಿನಲ್ಲಿರಬೇಕು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇವೆಲ್ಲ ಬೇಕಾದ ತೀರ್ಮಾನಗಳೇ, ಆದರೆ ತಡವಾಗಿ ಆದರೂ ನಡೆಯುತ್ತದೆ. ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆಗಳು ಎರಡು. ಮಾದರಿಗೆ ಮಾಹಿತಿ ತುಂಬಬೇಕಾದವರು ಕಾಮಗಾರಿಗೆ ಯಾವ ಹಂತದಲ್ಲಿ ಸೇರುತ್ತಾರೆ? ಆ ಮಾಹಿತಿಯನ್ನು ಬಳಸುವವರಿಗೆ ಅದು ಯಾವ ದಿನಾಂಕದೊಳಗೆ ಕೈಗೆ ಸಿಗಬೇಕು? ಎರಡಕ್ಕೂ ಉತ್ತರ ಇರುವುದು ಕರಾರಿನಲ್ಲಿ. ಆದ್ದರಿಂದ ಇಲ್ಲಿನ ಹೋಲಿಕೆಗಳು ಕರಾರಿನಿಂದ ಹೊರಟು ಸಾಫ್ಟ್‌ವೇರ್‌ನತ್ತ ಸಾಗುತ್ತವೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಕಟ್ಟಡವನ್ನು ಊಹಿಸಿಕೊಳ್ಳೋಣ: ನೆಲಮಹಡಿ ಮತ್ತು ಅದರ ಮೇಲೆ ಐದು ಮಹಡಿಗಳಿರುವ, 200 ಹಾಸಿಗೆಗಳ ಖಾಸಗಿ ಆಸ್ಪತ್ರೆ. ನಾಗಪುರ ಮೆಟ್ರೊದಂಥ ಕಾಮಗಾರಿಯಲ್ಲಿ ವೇಳಾಪಟ್ಟಿ ಮತ್ತು ವೆಚ್ಚವನ್ನು ಮಾದರಿಗೆ ಜೋಡಿಸುವ ಐದು ಆಯಾಮದ ಬಿಮ್ ಅನ್ನು ಅಳವಡಿಸಲು ಪ್ರತ್ಯೇಕ ವ್ಯವಸ್ಥೆಯನ್ನೇ ಕಟ್ಟಿಕೊಳ್ಳಲು ಸಾಧ್ಯವಾಯಿತು. ನಮ್ಮ ಆಸ್ಪತ್ರೆಗೆ ಅಷ್ಟು ಬಲವಿಲ್ಲ. ಹಾಗೆಂದು ಬಿಮ್ ಇಲ್ಲದೆ ಕಟ್ಟಿದರೆ ಚಾವಣಿಯೊಳಗಿನ ಪೈಪು, ಡಕ್ಟ್, ಕೇಬಲ್‌ಗಳ ಗೋಜಲು ಸೈಟಿನಲ್ಲಿಯೇ ಬಗೆಹರಿಯಬೇಕಾಗುತ್ತದೆ. ಆಯ್ಕೆ ಕಷ್ಟವಾಗುವುದು ಇಂಥ ಮಧ್ಯಮ ಗಾತ್ರದ ಕಟ್ಟಡಗಳಲ್ಲಿಯೇ.

ಉಪಯೋಗದಿಂದ ಹೊರಡುವುದೋ, ಮಾಲೀಕರ ಬೇಡಿಕೆಯಿಂದ ಹೊರಡುವುದೋ

ಅನುಷ್ಠಾನ ಯೋಜನೆಯನ್ನು ಬರೆಯಲು ಎರಡು ಪ್ರಸಿದ್ಧ ಚೌಕಟ್ಟುಗಳಿವೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಹೊರತಂದ ಮಾರ್ಗದರ್ಶಿಯು ನಾಲ್ಕು ಹೆಜ್ಜೆಗಳನ್ನು ಹೇಳುತ್ತದೆ: ಮಾದರಿಯ ಉಪಯೋಗಗಳನ್ನು ಆರಿಸುವುದು, ಪ್ರತಿ ಉಪಯೋಗಕ್ಕೂ ಕೆಲಸದ ಹರಿವಿನ ನಕ್ಷೆ ಬರೆಯುವುದು, ಯಾರಿಂದ ಯಾರಿಗೆ ಯಾವ ಮಾಹಿತಿ ಹೋಗಬೇಕೆಂದು ನಿಗದಿ ಮಾಡುವುದು, ಕೊನೆಗೆ ಕರಾರು, ತಂತ್ರಜ್ಞಾನ, ಗುಣಮಟ್ಟ ಪರಿಶೀಲನೆಗಳಂಥ ಆಧಾರಗಳನ್ನು ಸಜ್ಜುಗೊಳಿಸುವುದು. ಇದರಲ್ಲಿ ನನಗೆ ಅತ್ಯಂತ ಪ್ರಯೋಜನಕಾರಿ ಎನಿಸಿರುವುದು ಉಪಯೋಗಗಳನ್ನು ಆರಿಸುವ ತಖ್ತೆ. ಪ್ರತಿ ಉಪಯೋಗದ ಎದುರಿಗೆ ಅದರಿಂದ ಕಾಮಗಾರಿಗೆ ಆಗುವ ಲಾಭವೆಷ್ಟು, ಹೊಣೆ ಯಾರದು, ಆ ಸಂಸ್ಥೆಯ ಸಂಪನ್ಮೂಲ, ಪರಿಣತಿ ಮತ್ತು ಅನುಭವ ಎಷ್ಟು ಎಂದು ಬರೆದ ಬಳಿಕವೇ ‘ಮಾಡೋಣ’ ಅಥವಾ ‘ಬೇಡ’ ಎಂದು ತೀರ್ಮಾನಿಸಬೇಕು. ಹೊಣೆಯ ಕಾಲಂ ಖಾಲಿ ಉಳಿದ ಉಪಯೋಗವನ್ನು ಪಟ್ಟಿಯಿಂದ ತೆಗೆದುಹಾಕುವ ಧೈರ್ಯವನ್ನು ಆ ತಖ್ತೆ ಕೊಡುತ್ತದೆ.

ಇನ್ನೊಂದು ಐಎಸ್‌ಒ 19650. ಬ್ರಿಟನ್ ಸರ್ಕಾರವು 2011ರಲ್ಲಿ ಪ್ರಕಟಿಸಿದ ನಿರ್ಮಾಣ ಕಾರ್ಯತಂತ್ರದಲ್ಲಿ ತನ್ನ ಕೇಂದ್ರೀಯ ಇಲಾಖೆಗಳ ಕಾಮಗಾರಿಗಳಿಗೆ 2016ರೊಳಗೆ ಬಿಮ್ ಕಡ್ಡಾಯವಾಗಬೇಕೆಂದು ಗುರಿ ಇಟ್ಟುಕೊಂಡಿತ್ತು. ಆ ಅನುಭವದಿಂದ ಹುಟ್ಟಿದ ಬ್ರಿಟಿಷ್ ಮಾನಕಗಳ ಮೇಲೆ ಕಟ್ಟಿದ ಈ ಅಂತಾರಾಷ್ಟ್ರೀಯ ಮಾನಕದ ಮೊದಲ ಎರಡು ಭಾಗಗಳು 2018ರ ಡಿಸೆಂಬರ್‌ನಲ್ಲಿ ಪ್ರಕಟವಾದವು. ಇಲ್ಲಿ ಮೊದಲ ಮಾತು ಮಾಲೀಕರದು. ತಮಗೆ ಯಾವ ತೀರ್ಮಾನಕ್ಕೆ ಯಾವ ಮಾಹಿತಿ, ಯಾವ ಹಂತದಲ್ಲಿ, ಯಾವ ರೂಪದಲ್ಲಿ ಬೇಕೆಂಬ ಬೇಡಿಕೆಪತ್ರವನ್ನು ಅವರು ಟೆಂಡರ್‌ಗೆ ಮುನ್ನವೇ ಸಿದ್ಧಪಡಿಸಬೇಕು. ಅದಕ್ಕೆ ಉತ್ತರವಾಗಿ ಬಿಡ್ ಹಾಕುವವರು ಪ್ರಾಥಮಿಕ ಅನುಷ್ಠಾನ ಯೋಜನೆಯನ್ನು ಸಲ್ಲಿಸುತ್ತಾರೆ. ಕೆಲಸ ಸಿಕ್ಕವರು ಅದನ್ನು ವಿಸ್ತರಿಸಿ, ಹೊಣೆಗಾರಿಕೆಯ ಕೋಷ್ಟಕವನ್ನೂ ಪ್ರತಿ ತಂಡ ಯಾವ ದಿನ ಏನನ್ನು ಒಪ್ಪಿಸಬೇಕೆಂಬ ಪಟ್ಟಿಯನ್ನೂ ಸೇರಿಸುತ್ತಾರೆ.

ಎರಡರ ದೌರ್ಬಲ್ಯಗಳೂ ಎದುರುಬದುರಾಗಿವೆ. ಮೊದಲನೆಯದು ತಂಡದವರೆಲ್ಲ ಮೇಜಿನ ಸುತ್ತ ಕುಳಿತಿದ್ದಾರೆ ಎಂದು ಭಾವಿಸಿಕೊಳ್ಳುತ್ತದೆ. ಗುತ್ತಿಗೆದಾರರು ಇನ್ನೂ ನೇಮಕವಾಗದಿರುವಾಗ ಅರ್ಧ ಕಾಲಂಗಳನ್ನು ತುಂಬುವವರೇ ಇರುವುದಿಲ್ಲ. ಎರಡನೆಯದು ಮಾಲೀಕರಿಗೆ ತಮ್ಮ ಅಗತ್ಯ ಚೆನ್ನಾಗಿ ಗೊತ್ತಿದೆ ಎಂದು ಭಾವಿಸಿಕೊಳ್ಳುತ್ತದೆ. ಮೊದಲ ಬಾರಿ ಆಸ್ಪತ್ರೆ ಕಟ್ಟಿಸುತ್ತಿರುವ ಟ್ರಸ್ಟಿಗೆ ಅದು ಗೊತ್ತಿರುವುದಿಲ್ಲ. ಆಗ ಯಾವುದೋ ವಿಮಾನ ನಿಲ್ದಾಣದ ಬೇಡಿಕೆಪತ್ರದ ನಕಲು ಟೆಂಡರಿಗೆ ಸೇರಿಕೊಂಡು, ಯಾರೂ ಓದದ 60 ಪುಟಗಳಿಗೆ ಎಲ್ಲರೂ ಸಹಿ ಹಾಕುತ್ತಾರೆ. ಮೂರನೆಯ ದಾರಿಯೊಂದು ನಮ್ಮಲ್ಲಿ ಬಳಕೆಯಲ್ಲಿದೆ: ಬೇಡಿಕೆಪತ್ರವೇ ಇಲ್ಲದೆ, ಕೆಲಸ ಸಿಕ್ಕ ಮೇಲೆ ಗುತ್ತಿಗೆದಾರರು ತಮ್ಮ ಅನುಕೂಲಕ್ಕೆ ಮಾದರಿ ಮಾಡಿಕೊಳ್ಳುವುದು. ಇದರಿಂದ ಸೈಟಿಗೆ ಉಪಕಾರವಾಗುತ್ತದೆ, ಆದರೆ ತಪ್ಪು ಕಂಡರೂ ವಿನ್ಯಾಸವನ್ನು ತಿದ್ದುವ ಅಧಿಕಾರ ಮಾದರಿ ಮಾಡಿದವರಿಗೆ ಇರುವುದಿಲ್ಲ.

ನಮ್ಮ ಆಸ್ಪತ್ರೆಗೆ ನಾನು ಸೂಚಿಸುವುದು ಮಿಶ್ರಣವನ್ನು. ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ಸೇವೆಗಳ (ಹವಾನಿಯಂತ್ರಣ, ಪ್ಲಂಬಿಂಗ್, ವಿದ್ಯುತ್) ಸಲಹೆಗಾರರು ಮತ್ತು ಮಾಲೀಕರ ಕಟ್ಟಡ ನಿರ್ವಹಣೆಯನ್ನು ಮುಂದೆ ನೋಡಿಕೊಳ್ಳಲಿರುವ ಎಂಜಿನಿಯರ್ ಒಟ್ಟಿಗೆ ಕುಳಿತು ಪೆನ್ಸಿಲ್ವೇನಿಯಾದ ತಖ್ತೆಯಿಂದ ಮೂರು ನಾಲ್ಕು ಉಪಯೋಗಗಳನ್ನು ಆರಿಸಿ, ಅವನ್ನು ಐಎಸ್‌ಒ ಪರಿಭಾಷೆಯ ಹತ್ತು ಪುಟಗಳ ಬೇಡಿಕೆಪತ್ರವಾಗಿ ಬರೆದು ಟೆಂಡರಿಗೆ ಲಗತ್ತಿಸಬೇಕು. ಬ್ರಿಟನ್ ಅಥವಾ ಕೊಲ್ಲಿ ರಾಷ್ಟ್ರಗಳ ಹೂಡಿಕೆದಾರರ ಕಾಮಗಾರಿಯಾದರೆ ಆಯ್ಕೆಯ ಪ್ರಶ್ನೆ ಬಹುಪಾಲು ಏಳುವುದಿಲ್ಲ. ಅವರು ಐಎಸ್‌ಒ ಮಾನಕವನ್ನೇ ಕೇಳುವ ಸಾಧ್ಯತೆ ಹೆಚ್ಚು.

ಐಟಂ ದರದ ಕರಾರು ಮತ್ತು ವಿನ್ಯಾಸ ಸಹಿತ ಕರಾರು

ಉಳಿದೆಲ್ಲ ಆಯ್ಕೆಗಳನ್ನೂ ಹಿಡಿದಿಡುವ ಹೋಲಿಕೆ ಇದು. ಪ್ರತಿ ಬಾಬಿಗೂ ದರ ಕೇಳುವ ಐಟಂ ದರದ ಟೆಂಡರ್‌ನಲ್ಲಿ ಸಲಹೆಗಾರರು ವಿನ್ಯಾಸ ಮುಗಿಸಿ ಪರಿಮಾಣಪಟ್ಟಿ ಕೊಡುತ್ತಾರೆ, ಸಿವಿಲ್ ಗುತ್ತಿಗೆದಾರರು ಪಾಯ ತೆಗೆಯುತ್ತಾರೆ, ಎರಡನೆಯ ಮಹಡಿಯ ಸ್ಲ್ಯಾಬ್ ಹಾಕುವ ಹೊತ್ತಿಗೆ ಹವಾನಿಯಂತ್ರಣ, ಪ್ಲಂಬಿಂಗ್, ವಿದ್ಯುತ್ ಗುತ್ತಿಗೆದಾರರ ನೇಮಕವಾಗುತ್ತದೆ. ಟೆಂಡರಿನಲ್ಲಿ ಒಪ್ಪಿತ ತಯಾರಕರ ಪಟ್ಟಿ ಇರುತ್ತದೆಯೇ ಹೊರತು ಇಂಥದೇ ಯಂತ್ರ ಎಂಬುದು ಇರುವುದಿಲ್ಲ. ಹೀಗಾಗಿ ಸಲಹೆಗಾರರ ಮಾದರಿಯಲ್ಲಿರುವ ಯಂತ್ರಗಳ ಅಳತೆಯೆಲ್ಲ ಅಂದಾಜಿನದು. ಆ ಅಂದಾಜಿನ ಮೇಲೆ ಪ್ರತಿ ಬೋಲ್ಟಿನವರೆಗೆ ಹೊಂದಾಣಿಕೆ, ಅಂದರೆ ಪೈಪು, ಡಕ್ಟ್, ತೊಲೆಗಳು ಒಂದಕ್ಕೊಂದು ಅಡ್ಡಬಾರದಂತೆ ಜೋಡಣೆ, ಮಾಡಲು ಹೊರಟರೆ ಗುತ್ತಿಗೆದಾರರು ಬೇರೆ ಯಂತ್ರ ತಂದ ದಿನ ಆ ಶ್ರಮ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ.

ವಾರ್ಡಿನ ಕಾರಿಡಾರಿನ ಚಾವಣಿಯನ್ನೇ ನೋಡೋಣ. ಮಹಡಿಯಿಂದ ಮಹಡಿಗೆ, ಅಂದರೆ ಸ್ಲ್ಯಾಬಿನ ಮೇಲ್ಮೈಯಿಂದ ಸ್ಲ್ಯಾಬಿನ ಮೇಲ್ಮೈಗೆ 3900 ಮಿಲಿಮೀಟರ್ ಇದೆ ಎಂದಿಟ್ಟುಕೊಳ್ಳಿ. ನೆಲಹಾಸಿಗೆ 75, ಅದರ ಮೇಲೆ ಫಾಲ್ಸ್ ಸೀಲಿಂಗ್‌ವರೆಗೆ 2700, ಸೀಲಿಂಗಿನ ಚೌಕಟ್ಟಿಗೆ 50, ಒಟ್ಟು 2825. ಅಡ್ಡ ತೊಲೆಯ ಆಳ 600 ಆದರೆ ಅದರ ತಳ 3300ರಲ್ಲಿ ಬರುತ್ತದೆ. ತೊಲೆಯ ಕೆಳಗೆ ಉಳಿಯುವುದು 475 ಮಿಲಿಮೀಟರ್. ಅಲ್ಲಿ 350 ಎತ್ತರದ ಡಕ್ಟ್ ಹಾಯಬೇಕು; ಎರಡೂ ಬದಿಯ 25ರ ಇನ್ಸುಲೇಷನ್ ಸೇರಿದರೆ 400. ಇನ್ನುಳಿದ 75ರಲ್ಲಿ ಹೊರವ್ಯಾಸವೇ 114 ಇರುವ ಸ್ಪ್ರಿಂಕ್ಲರ್‌ನ ಮುಖ್ಯ ಪೈಪು ಡಕ್ಟನ್ನು ದಾಟಲಾರದು. ಎರಡು ತೊಲೆಗಳ ನಡುವೆ, ಸ್ಲ್ಯಾಬಿನ ಅಡಿಯಲ್ಲಿ, ಬೇಕಾದಷ್ಟು ಜಾಗವಿದೆ. ಪೈಪು ಅಲ್ಲಿಗೆ ಏರಿ ಹೋಗಬಹುದು. ಇಲ್ಲವೇ ತೊಲೆಯಲ್ಲಿ ಸ್ಲೀವ್, ಅಂದರೆ ಪೈಪು ತೂರುವ ತೂತು, ಬಿಡಿಸಬಹುದು, ಆದರೆ ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿ, ಕಂಬಿ ಕಟ್ಟುವ ಮುನ್ನವೇ ನಕ್ಷೆ ಸೈಟಿಗೆ ತಲುಪಬೇಕು. ಕಾಂಕ್ರೀಟ್ ಬಿದ್ದ ಮೇಲೆ ಉಳಿಯುವುದು ಕೋರ್ ಕಟಿಂಗ್ ಯಂತ್ರ ಮತ್ತು ಪರಸ್ಪರ ದೂರುವ ಪತ್ರಗಳು.

ಈ ಲೆಕ್ಕಕ್ಕೆ ಯಂತ್ರದ ತಯಾರಕರು ಯಾರೆಂದು ತಿಳಿಯಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು. ಐಟಂ ದರದ ಕರಾರಿನಲ್ಲಿ ಹೊಂದಾಣಿಕೆಯನ್ನು ಎರಡು ಸುತ್ತುಗಳಾಗಿ ವಿಂಗಡಿಸಲು ಅವಕಾಶ ಸಿಗುವುದು ಇದರಿಂದಲೇ. ಮೊದಲ ಸುತ್ತು ಸಲಹೆಗಾರರದು: ಪೈಪು, ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಏರುವ ಶಾಫ್ಟ್‌ಗಳ ಗಾತ್ರ, ಸ್ಲ್ಯಾಬಿನ ಕಿಂಡಿಗಳು, ತೊಲೆಯ ಸ್ಲೀವ್‌ಗಳು, ಮುಖ್ಯ ಡಕ್ಟ್ ಮತ್ತು ಪೈಪುಗಳ ದಾರಿ, ಪ್ರತಿ ಸೇವೆಗೂ ಮೀಸಲಿಟ್ಟ ಎತ್ತರದ ಪಟ್ಟಿ, ಇಷ್ಟನ್ನು ಮಾತ್ರ ಅವರು ಅಂತಿಮಗೊಳಿಸಬೇಕು. ಎರಡನೆಯ ಸುತ್ತು ಸೇವಾ ಗುತ್ತಿಗೆದಾರರದು: ತಾವು ತರುವ ನಿಜವಾದ ಯಂತ್ರ, ಹ್ಯಾಂಗರ್, ವಾಲ್ವ್‌ಗಳೊಂದಿಗೆ ಅದೇ ಮೀಸಲು ಎತ್ತರದೊಳಗೆ ಶಾಪ್ ಡ್ರಾಯಿಂಗ್, ಅಂದರೆ ಅಳವಡಿಕೆಯ ವಿವರ ನಕ್ಷೆ, ಮಾಡಬೇಕು. ಮೊದಲ ಸುತ್ತಿನ ಗಡುವನ್ನು ತಿಂಗಳ ಲೆಕ್ಕದಲ್ಲಿ ಬರೆಯದೆ ಸ್ಲ್ಯಾಬಿನ ವೇಳಾಪಟ್ಟಿಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕು. ಮೂರನೆಯ ಮಹಡಿಯ ಸೆಂಟ್ರಿಂಗ್ ಶುರುವಾಗುವ ದಿನಕ್ಕೆ ಸ್ಲೀವ್ ನಕ್ಷೆ ಸೈಟಿನಲ್ಲಿರಬೇಕಾದರೆ, ಸ್ಟ್ರಕ್ಚರಲ್ ಒಪ್ಪಿಗೆಗೆ ಇಷ್ಟು ದಿನ, ತಿದ್ದುಪಡಿಗೆ ಇಷ್ಟು ದಿನ ಕಳೆದು, ಆ ಮಹಡಿಯ ಹೊಂದಾಣಿಕೆ ಸಭೆಯ ದಿನಾಂಕ ತಾನಾಗಿಯೇ ಸಿಗುತ್ತದೆ.

ವಿನ್ಯಾಸ ಸಹಿತ ಕರಾರಿನಲ್ಲಿ, ಅಥವಾ ಇಪಿಸಿ ಪದ್ಧತಿಯಲ್ಲಿ, ಈ ಎರಡು ಸುತ್ತುಗಳ ರಗಳೆ ಇಲ್ಲ. ವಿನ್ಯಾಸಕಾರರೂ ಕಟ್ಟುವವರೂ ಒಂದೇ ಒಪ್ಪಂದದಡಿ ಇರುವುದರಿಂದ ಯಂತ್ರಗಳ ಆಯ್ಕೆ ಬೇಗ ಆಗುತ್ತದೆ, ಒಂದೇ ಮಾದರಿ ಶಾಪ್ ಡ್ರಾಯಿಂಗಿನವರೆಗೆ ಬೆಳೆಯುತ್ತದೆ. ಬಿಮ್ ಅನುಷ್ಠಾನಕ್ಕೆ ಇದೇ ಹೆಚ್ಚು ಹೊಂದುವ ಕರಾರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇಲ್ಲಿ ಮಾಲೀಕರ ಹಿಡಿತ ಸಡಿಲ. ಬೇಡಿಕೆಪತ್ರ ಬಿಗಿಯಾಗಿಲ್ಲದಿದ್ದರೆ ಮಾದರಿಯು ಗುತ್ತಿಗೆದಾರರ ಖರೀದಿಗೂ ಬಿಲ್ಲಿಗೂ ಬೇಕಾದ ಮಾಹಿತಿಯನ್ನಷ್ಟೇ ಹೊತ್ತು, ನಿರ್ವಹಣೆಗೆ ಬೇಕಾದದ್ದನ್ನು ಬಿಟ್ಟುಬಿಡುತ್ತದೆ. ಕರಾರು ವಿನ್ಯಾಸ ಸಹಿತವಾದಷ್ಟೂ ಮಾಲೀಕರ ಬೇಡಿಕೆಪತ್ರಕ್ಕೆ ಹೆಚ್ಚು ಸಮಯ ಕೊಡಬೇಕು.

ಯಾವ ಉಪಯೋಗ ಇರಲಿ, ಯಾವುದು ಬೇಡ

ಸೇವೆಗಳ ಹೊಂದಾಣಿಕೆಯನ್ನು ಬಿಡುವಂತಿಲ್ಲ. ಆಸ್ಪತ್ರೆಯಲ್ಲಿ ವೈದ್ಯಕೀಯ ಅನಿಲದ ಪೈಪುಗಳೂ ಸೇರುವುದರಿಂದ ಬಿಮ್‌ಗೆ ಹಾಕಿದ ಹಣಕ್ಕೆ ಮೊದಲ ಪ್ರತಿಫಲ ಅಲ್ಲಿಂದಲೇ ಬರುತ್ತದೆ. ಮಾದರಿಯಿಂದಲೇ ನಕ್ಷೆಗಳನ್ನು ತೆಗೆಯುವುದು ಎರಡನೆಯದು. ಮೂರನೆಯದಾದ ಪರಿಮಾಣ ಲೆಕ್ಕದಲ್ಲಿ ಎಚ್ಚರ ಬೇಕು, ಏಕೆಂದರೆ ಸಾಫ್ಟ್‌ವೇರ್ ಅಳೆಯುವ ರೀತಿಯೂ ನಮ್ಮ ಬಿಲ್ಲುಗಳನ್ನು ಅಳೆಯುವ ರೀತಿಯೂ ಒಂದೇ ಅಲ್ಲ.

ಗಾರೆ ಕೆಲಸವನ್ನೇ ತೆಗೆದುಕೊಳ್ಳಿ. ಭಾರತೀಯ ಮಾನಕ ಐಎಸ್ 1200ರ ಪ್ರಕಾರ 0.5 ಚದರ ಮೀಟರ್‌ವರೆಗಿನ ಕಿಂಡಿಗೆ ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್‌ವರೆಗಿನದಾದರೆ, ಗೋಡೆಯ ಎರಡೂ ಮುಖಗಳಿಗೆ ಒಂದೇ ಬಗೆಯ ಗಾರೆ ಇದ್ದಾಗ, ಒಂದು ಮುಖಕ್ಕೆ ಮಾತ್ರ ಕಳೆದು, ಕಿಂಡಿಯ ಒಳಬದಿಗಳನ್ನು ಪ್ರತ್ಯೇಕವಾಗಿ ಅಳೆಯದೆ ಬಿಡಬೇಕು. 3 ಚದರ ಮೀಟರ್ ದಾಟಿದರೆ ಎರಡೂ ಮುಖಗಳಿಗೆ ಕಳೆದು ಒಳಬದಿಗಳನ್ನು ಸೇರಿಸಬೇಕು. ವಾರ್ಡಿನ ಬಾಗಿಲು 1.2 ಮೀಟರ್ ಅಗಲ, 2.1 ಮೀಟರ್ ಎತ್ತರ ಇದ್ದರೆ ಅದು 2.52 ಚದರ ಮೀಟರ್, ಅಂದರೆ ನಡುವಿನ ವರ್ಗದ್ದು. ಸಾಫ್ಟ್‌ವೇರ್ ಮಾತ್ರ ಗೋಡೆಯಲ್ಲಿ ತೂತು ಕಂಡ ಕಡೆಯೆಲ್ಲ ಎರಡೂ ಮುಖಗಳಿಗೆ ಕಳೆಯುತ್ತದೆ. ಇಂಥ 300 ಬಾಗಿಲುಗಳಿದ್ದರೆ ಗಾರೆಯ ಪರಿಮಾಣದಲ್ಲಿಯೇ 756 ಚದರ ಮೀಟರ್ ವ್ಯತ್ಯಾಸ ಬರುತ್ತದೆ, ಅದೂ ಯಾರ ತಪ್ಪೂ ಇಲ್ಲದೆ. ಬಿಲ್ಲು ಮಾದರಿಯ ಆಧಾರದ ಮೇಲೆಯೇ ಆಗಬೇಕೆಂದು ಬಯಸುವವರು ಅಳತೆಯ ನಿಯಮವನ್ನು ಟೆಂಡರಿನಲ್ಲಿಯೇ ಬದಲಿಸಿ, ದರಗಳು ಅದಕ್ಕೆ ತಕ್ಕಂತೆ ಬರುವಂತೆ ನೋಡಿಕೊಳ್ಳಬೇಕು. ಹಾಗೆ ಮಾಡಲಾಗದಿದ್ದರೆ ಕಾಂಕ್ರೀಟ್, ಇಟ್ಟಿಗೆ ಅಥವಾ ಬ್ಲಾಕ್ ಕೆಲಸ, ಡಕ್ಟ್, ಪೈಪುಗಳ ಪರಿಮಾಣವನ್ನು ತಾಳೆ ನೋಡುವುದಕ್ಕಷ್ಟೇ ಮಾದರಿಯನ್ನು ಬಳಸಿ, ಗಾರೆ ಬಣ್ಣಗಳನ್ನು ಹಳೆಯ ಅಳತೆ ಪುಸ್ತಕಕ್ಕೇ ಬಿಡುವುದು ಕ್ಷೇಮ.

ವೇಳಾಪಟ್ಟಿಯನ್ನು ಮಾದರಿಗೆ ಜೋಡಿಸುವ ನಾಲ್ಕು ಆಯಾಮದ ಬಿಮ್ ಅನ್ನು ಖಾಲಿ ನಿವೇಶನದ ಆರು ಅಂತಸ್ತಿಗೆ ನಾನು ಸೂಚಿಸುವುದಿಲ್ಲ. ಓಡುತ್ತಿರುವ ಆಸ್ಪತ್ರೆಯ ಪಕ್ಕದಲ್ಲಿಯೇ ಹೊಸ ಬ್ಲಾಕ್ ಎದ್ದು, ಆಂಬುಲೆನ್ಸ್ ದಾರಿಯನ್ನು ಹಂತಹಂತವಾಗಿ ಬದಲಿಸಬೇಕಾದಲ್ಲಿ ಮಾತ್ರ ಅದರ ಖರ್ಚಿಗೆ ಅರ್ಥವಿದೆ. ಉಳಿದಂತೆ ಅದು ಉದ್ಘಾಟನೆಯ ದಿನ ತೋರಿಸುವ ವಿಡಿಯೊ ಆಗಿಬಿಡುತ್ತದೆ.

ನಿರ್ವಹಣೆಗೆ ಹಸ್ತಾಂತರಿಸುವ ಮಾಹಿತಿ ಇದಕ್ಕೆ ತದ್ವಿರುದ್ಧ: ನೋಡಲು ನೀರಸ, ಬಳಕೆಗೆ ಬೆಲೆಬಾಳುವಂಥದು. ಕೋಬಿ ಎಂಬ ತಖ್ತೆಯ ರೂಪದಲ್ಲಿ ಪ್ರತಿ ಯಂತ್ರದ ತಯಾರಕರು, ಕ್ರಮಸಂಖ್ಯೆ, ವಾರಂಟಿಯ ಅವಧಿ, ಅದು ಇರುವ ಕೊಠಡಿಗಳನ್ನು ಕೇಳಬಹುದು. ಎಲ್ಲ ವಸ್ತುಗಳಿಗೂ ಕೇಳದೆ ನಿರ್ವಹಣೆಯ ಎಂಜಿನಿಯರ್ ಹೆಸರಿಸಿದ ಯಂತ್ರಗಳಿಗಷ್ಟೇ ಕೇಳಿದರೆ ಅದು ತುಂಬಿ ಬರುವ ಸಂಭವ ಹೆಚ್ಚು. ವಸತಿ ಸಮುಚ್ಚಯ ಕಟ್ಟುವವರಿಗೆ ಇಲ್ಲಿ ಇನ್ನೊಂದು ಕಾರಣವೂ ಇದೆ. 2016ರ ರೇರಾ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಕಟ್ಟಡದ ರಚನೆ ಮತ್ತು ಕಾಮಗಾರಿಯ ದೋಷಗಳನ್ನು ಪ್ರವರ್ತಕರು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಸೋರುವ ಪೈಪು ಗೋಡೆಯೊಳಗೆ ಎಲ್ಲಿದೆ ಎಂದು ತೋರಿಸುವ ಮಾದರಿ ಅವರಿಗೆ ಉಪಕಾರವನ್ನೇ ಮಾಡುತ್ತದೆ.

ವಿವರದ ಮಟ್ಟದ ಬಗ್ಗೆ ಚುಟುಕಾಗಿ ಹೇಳುವುದಾದರೆ, ಇಡೀ ಮಾದರಿಗೆ ಎಲ್‌ಒಡಿ (ವಿವರದ ಮಟ್ಟದ ಅಂಕ) 400 ಎಂದು ಒಂದೇ ಸಾಲು ಬರೆಯುವ ಟೆಂಡರ್ ದುಬಾರಿಯೂ ಹೌದು, ಅಸ್ಪಷ್ಟವೂ ಹೌದು. 300 ಎಂದರೆ ಅಳತೆ, ಆಕಾರ, ಸ್ಥಾನಗಳು ಖಚಿತ. 350ರಲ್ಲಿ ಪಕ್ಕದ ವಸ್ತುಗಳೊಂದಿಗಿನ ಸೇರುವೆ ಮತ್ತು ಆಧಾರಗಳೂ ಬರುತ್ತವೆ. 400 ತಯಾರಿಕೆಗೆ ಸಾಲುವಷ್ಟು. ಕಾರಿಡಾರಿನ ಚಾವಣಿ, ಶಾಫ್ಟ್, ಪ್ಲಾಂಟ್ ಕೊಠಡಿ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ 350 ಕೇಳಿ, ಉಳಿದುದಕ್ಕೆ 300ರಲ್ಲಿ ನಿಲ್ಲಿಸಬಹುದು.

ಮಾದರಿ ಮಾಡುವವರು ಯಾರು

ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಕುಳಿತ ನಮ್ಮ ಎಂಜಿನಿಯರುಗಳು ಬ್ರಿಟನ್, ಅಮೆರಿಕ, ದುಬೈಗಳ ಕಟ್ಟಡಗಳ ಮಾದರಿಗಳನ್ನು ಆಯಾ ದೇಶದ ಮಾನಕಕ್ಕೆ ತಕ್ಕಂತೆ ಮಾಡಿಕೊಡುತ್ತಾರೆ; ಅದೇ ಬೀದಿಯಲ್ಲಿ ಏಳುತ್ತಿರುವ ಕಟ್ಟಡ ಆಟೊಕ್ಯಾಡ್ ನಕ್ಷೆಯ ಮೇಲೆ ನಡೆದಿರುವುದುಂಟು. ಕೈಗೆಟಕುವ ಈ ಪರಿಣತಿಯನ್ನು ಬಳಸುವುದು ಸರಿಯೇ, ಆದರೆ ಹೊರಗುತ್ತಿಗೆಯ ಮಾದರಿಗೆ ಒಂದು ಅಂತರ್ಗತ ದೋಷವಿದೆ. ಸಲಹೆಗಾರರು ಎರಡು ಆಯಾಮದಲ್ಲಿ ನಕ್ಷೆ ಬರೆದು ಕಳಿಸುತ್ತಾರೆ, ಮಾದರಿಯ ಕಚೇರಿ ಅದನ್ನು ಮೂರು ಆಯಾಮಕ್ಕೆ ಏರಿಸುತ್ತದೆ, ಅಷ್ಟರಲ್ಲಿ ನಕ್ಷೆ ಬದಲಾಗಿರುತ್ತದೆ. ಮಾದರಿ ಸದಾ ನಕ್ಷೆಯ ಹಿಂದೆ ಓಡುತ್ತಲೇ ಇರುತ್ತದೆ. ಮಾದರಿಯಲ್ಲಿ ಸಿಕ್ಕ ಘರ್ಷಣೆಗಳಲ್ಲಿ, ಅಂದರೆ ಒಂದು ಭಾಗ ಇನ್ನೊಂದಕ್ಕೆ ಅಡ್ಡಬರುವ ಕಡೆಗಳಲ್ಲಿ, ಎಷ್ಟು ನಿಜವಾದವು, ಎಷ್ಟು ಹಳೆಯ ನಕ್ಷೆಯವು ಎಂದು ಬೇರ್ಪಡಿಸುವುದರಲ್ಲಿಯೇ ಸಭೆಯ ಅರ್ಧ ಹೊತ್ತು ಹೋಗುತ್ತದೆ.

ಸಲಹೆಗಾರರೇ ಮಾದರಿಯಲ್ಲಿ ವಿನ್ಯಾಸ ಮಾಡಬಲ್ಲವರಾಗಿದ್ದರೆ ಶುಲ್ಕ ಸ್ವಲ್ಪ ಹೆಚ್ಚಾದರೂ ಅವರನ್ನೇ ಆರಿಸಬೇಕು. ಅಂಥವರು ಸಿಗದಿದ್ದರೆ ಹೊರಗುತ್ತಿಗೆಯನ್ನು ‘ಪರಿಶೀಲನಾ ಮಾದರಿ’ ಎಂದೇ ಒಪ್ಪಿಕೊಂಡು, ಸ್ಲ್ಯಾಬ್ ಹಂತಗಳಿಗೆ ಹೊಂದುವ ದಿನಾಂಕಗಳಲ್ಲಿ ನಕ್ಷೆಗಳನ್ನು ಸ್ಥಗಿತಗೊಳಿಸಿ, ಆ ಆವೃತ್ತಿಯನ್ನು ಮಾತ್ರ ಮಾದರಿಗೆ ಏರಿಸಿ ಪರೀಕ್ಷಿಸಬೇಕು. ಸಂಸ್ಥೆಯೊಳಗೇ ತಂಡ ಕಟ್ಟುವುದು ಒಂದರ ಹಿಂದೊಂದು ಕಟ್ಟಡ ಕಟ್ಟುವ ಡೆವಲಪರ್‌ಗಳಿಗೆ ಒಪ್ಪುತ್ತದೆ. ಒಂದೇ ಆಸ್ಪತ್ರೆ ಕಟ್ಟುವ ಟ್ರಸ್ಟಿಗೆ ಒಪ್ಪುವುದಿಲ್ಲ. ಯಾವ ದಾರಿ ಹಿಡಿದರೂ ಮಾಲೀಕರ ಪರವಾಗಿ ಮಾದರಿಯನ್ನು ತೆರೆದು ನೋಡಿ ಪ್ರಶ್ನೆ ಕೇಳಬಲ್ಲ ಒಬ್ಬರು ಇರಲೇಬೇಕು.

ಕಡತಗಳು, ಹಂಚಿಕೆ, ಸಾಫ್ಟ್‌ವೇರ್

ಎಲ್ಲರೂ ಒಂದೇ ಕಡತದಲ್ಲಿ ಕೆಲಸ ಮಾಡುವುದಕ್ಕಿಂತ ವಾಸ್ತುಶಿಲ್ಪ, ರಚನೆ ಮತ್ತು ಪ್ರತಿ ಸೇವೆಗೂ ಬೇರೆ ಬೇರೆ ಮಾದರಿ ಇಟ್ಟು, ವಾರಕ್ಕೊಮ್ಮೆ ಅವನ್ನು ನ್ಯಾವಿಸ್‌ವರ್ಕ್ಸ್ ಅಥವಾ ಸೊಲಿಬ್ರಿಯಲ್ಲಿ ಒಟ್ಟುಗೂಡಿಸಿ ನೋಡುವ ಪದ್ಧತಿ ಮೇಲು. ತಪ್ಪು ಯಾರದು, ತಿದ್ದಬೇಕಾದವರು ಯಾರು ಎಂಬುದು ಆಗ ಸ್ಪಷ್ಟವಾಗಿರುತ್ತದೆ. ಹಂಚಿಕೆಯ ವೇದಿಕೆಗೆ ಐಎಸ್‌ಒ ಹೇಳುವ ನಾಲ್ಕು ಸ್ಥಿತಿಗಳು ಸಾಕು: ಕೆಲಸ ನಡೆಯುತ್ತಿರುವುದು, ಪರಿಶೀಲನೆಗೆ ಹಂಚಿದ್ದು, ಒಪ್ಪಿ ಪ್ರಕಟಿಸಿದ್ದು, ದಾಖಲೆಗೆ ಸೇರಿದ್ದು. ದುಬಾರಿ ವೇದಿಕೆ ಕೊಂಡು ನಕ್ಷೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ತಂಡಕ್ಕಿಂತ, ಸಾಧಾರಣ ವೇದಿಕೆಯಲ್ಲಿ ಈ ನಾಲ್ಕು ಫೋಲ್ಡರುಗಳ ಶಿಸ್ತು ಕಾಯುವ ತಂಡ ಲೇಸು.

ಸಾಫ್ಟ್‌ವೇರ್ ಆಯ್ಕೆಯಲ್ಲಿ ತಂಡಕ್ಕೆ ಈಗಾಗಲೇ ಬರುವುದನ್ನೇ ಆರಿಸಿ. ಯೋಜನೆಯಲ್ಲಿ ಆವೃತ್ತಿಯ ವರ್ಷವನ್ನೂ ಬರೆಯಲೇಬೇಕು, ಏಕೆಂದರೆ ಹೊಸ ಆವೃತ್ತಿಯ ರೆವಿಟ್‌ನಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲಾಗುವುದಿಲ್ಲ. ಒಬ್ಬರು ಉತ್ಸಾಹದಿಂದ ಅಪ್‌ಗ್ರೇಡ್ ಮಾಡಿದರೆ ಉಳಿದವರೆಲ್ಲ ಕೆಲಸ ನಿಲ್ಲಿಸಬೇಕಾಗುತ್ತದೆ. ಬೇರೆ ಬೇರೆ ಸಾಫ್ಟ್‌ವೇರ್ ಬಳಸುವವರ ನಡುವೆ ವಿನಿಮಯಕ್ಕೆ ಐಎಸ್‌ಒ 16739 ಮಾನಕವಾದ ಐಎಫ್‌ಸಿ ಇದೆ. ನೋಡಲು, ಘರ್ಷಣೆ ಪರೀಕ್ಷಿಸಲು, ದಾಖಲೆಯಾಗಿ ಕಾಪಾಡಲು ಅದು ಸಾಲುತ್ತದೆ. ಇನ್ನೊಬ್ಬರು ಆ ಕಡತವನ್ನು ತೆರೆದು ವಿನ್ಯಾಸವನ್ನು ಮುಂದುವರಿಸುತ್ತಾರೆ ಎಂದು ನೆಚ್ಚಿಕೊಳ್ಳಬಾರದು. ಆದುದರಿಂದ ಹಸ್ತಾಂತರದಲ್ಲಿ ಐಎಫ್‌ಸಿ ಮತ್ತು ಮೂಲ ಕಡತ ಎರಡನ್ನೂ ಕೇಳಬೇಕು.

ಯೋಜನೆಗೆ ಸಹಿ ಹಾಕುವ ಮುನ್ನ

ಕರಾರಿನಲ್ಲಿ ಮೂರು ಮಾತುಗಳು ಸಂದೇಹಕ್ಕೆ ಎಡೆಯಿಲ್ಲದಂತೆ ಇರಬೇಕು. ಮಾದರಿಗೂ ಸಹಿಯಾದ ನಕ್ಷೆಗೂ ವ್ಯತ್ಯಾಸ ಕಂಡರೆ ಯಾವುದು ಅಂತಿಮ ಎಂಬುದು ಮೊದಲನೆಯದು. ಸದ್ಯದ ನಮ್ಮ ಸೈಟುಗಳಲ್ಲಿ ಮೇಸ್ತ್ರಿಯ ಕೈಯಲ್ಲಿರುವುದು ಕಾಗದವಾದ್ದರಿಂದ ನಕ್ಷೆಯೇ ಅಂತಿಮ ಎಂದಿರಲಿ, ಜತೆಗೆ ವ್ಯತ್ಯಾಸ ಕಂಡವರು ಲಿಖಿತವಾಗಿ ತಿಳಿಸುವ ಹೊಣೆಯೂ ಇರಲಿ. ಒಬ್ಬರ ಮಾದರಿಯನ್ನು ಇನ್ನೊಬ್ಬರು ಯಾವ ಉದ್ದೇಶಕ್ಕೆ, ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಎರಡನೆಯದು. ಸಲಹೆಗಾರರ ಮಾದರಿಯನ್ನು ಹೊಂದಾಣಿಕೆಗೆ ನಂಬಬಹುದು, ಖರೀದಿಯ ಪರಿಮಾಣಕ್ಕೆ ನಂಬುವಂತಿಲ್ಲ ಎಂಬಂತೆ ಉಪಯೋಗವಾರು ಬರೆಯಬೇಕು. ಮೂರನೆಯದು ಹಣ. ‘ಎಲ್‌ಒಡಿ 350 ಮುಗಿದಾಗ ಶೇಕಡ 30’ ಎಂಬಂಥ ಕಂತು ವಾದಕ್ಕೆ ದಾರಿ; ‘ಎರಡನೆಯ ಮಹಡಿಯ ಸ್ಲೀವ್ ಮತ್ತು ಕಿಂಡಿಗಳ ನಕ್ಷೆ ಸೆಂಟ್ರಿಂಗ್ ಆರಂಭಕ್ಕೆ ಮುನ್ನ ಬಿಡುಗಡೆಯಾದಾಗ’ ಎಂಬ ಕಂತನ್ನು ಸೈಟ್ ಎಂಜಿನಿಯರ್ ಕೂಡ ಹೌದೋ ಅಲ್ಲವೋ ಎಂದು ಹೇಳಬಲ್ಲರು. ಕೊನೆಯ ಕಂತನ್ನು ಕಟ್ಟಿದಂತೆ ತಿದ್ದಿದ ಮಾದರಿಯ ಮೂಲ ಕಡತಕ್ಕೂ, ನಿರ್ವಹಣೆಯ ಎಂಜಿನಿಯರ್ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು, ತಾವೇ ಆರಿಸಿದ ಒಂದು ಪ್ಲಾಂಟ್ ಕೊಠಡಿಯ ಯಂತ್ರಗಳನ್ನು ತಖ್ತೆಯೊಂದಿಗೆ ತಾಳೆ ನೋಡಿ ಕೊಡುವ ಒಪ್ಪಿಗೆಗೂ ಕಟ್ಟಿಹಾಕುವುದು ಉತ್ತಮ.